ತಲೆ ಸ್ಕ್ಯಾನ್ ಮಾಡಿಸಿದರೆ ಸ್ಕಿಜೋಫ್ರೇನಿಯಾ ತಿಳಿಯುತ್ತದೆಯೇ?



ಮನೆಯಲ್ಲಿ ಯಾರಿಗಾದರೂ ಇಲ್ಲದ ಧ್ವನಿ ಕೇಳತೊಡಗಿದರೆ, ಎಲ್ಲರ ಮೇಲೂ ಸಂಶಯ ಬೆಳೆದರೆ, "ಮೊದಲು ತಲೆ ಸ್ಕ್ಯಾನ್ ಮಾಡಿಸೋಣ" ಎಂದು ಜತ್ತ ತಾಲೂಕಿನಿಂದ ಮೀರಜ, ವಿಜಯಪುರಕ್ಕೆ ಓಡುವವರಿದ್ದಾರೆ. ಸಾಲ ಮಾಡುವವರೂ ಇದ್ದಾರೆ. ಅದಕ್ಕಾಗಿ ಈ ನಾಲ್ಕು ಮಾತು.

2019ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಇನ್ನೂ ಔಷಧಿ ಆರಂಭಿಸದ 81 ರೋಗಿಗಳು, 93 ಆರೋಗ್ಯವಂತರು. ಸುಮ್ಮನೆ ಮಲಗಿದ್ದಾಗ ಮೆದುಳಿನ ಯಾವ ಭಾಗ ಯಾವುದರೊಡನೆ ಕೂಡಿ ಕೆಲಸ ಮಾಡುತ್ತದೆಂಬ ಎಂ.ಆರ್.ಐ. ಮಾಹಿತಿಯನ್ನು ಕಂಪ್ಯೂಟರಿಗೆ ಕಲಿಸಿದರು. ಅದು ನೂರಕ್ಕೆ 87ರಷ್ಟು ಸರಿಯಾಗಿ ಗುರುತಿಸಿತು.

ಸಂತೋಷದ ಸಂಗತಿಯೇ. ಆದರೆ ಲೆಕ್ಕ ನೋಡಿರಿ. ಅಲ್ಲಿ ಹೆಚ್ಚುಕಡಿಮೆ ಅರ್ಧ ಜನ ರೋಗಿಗಳೇ. ಊರಲ್ಲಾದರೆ ಸಾವಿರಕ್ಕೆ ಹತ್ತು ಮಂದಿಗೂ ಈ ಕಾಯಿಲೆ ಇರುವುದಿಲ್ಲ. ಪರೀಕ್ಷೆಯು ನೂರು ಆರೋಗ್ಯವಂತರಲ್ಲಿ ಹತ್ತೇ ಮಂದಿಯನ್ನು ತಪ್ಪಾಗಿ ಹೇಳಿತೆನ್ನಿ, ಸಾವಿರ ಜನರಲ್ಲಿ ಸುಮಾರು ನೂರು ಮಂದಿಗೆ ಇಲ್ಲದ ರೋಗದ ಹೆಸರು ಅಂಟುತ್ತದೆ. ಮದುವೆ, ನೌಕರಿ ಎಲ್ಲಕ್ಕೂ ಕುತ್ತು.

ಇಂದಿಗೂ ವೈದ್ಯರು ರೋಗಿಯೊಡನೆ, ಮನೆಯವರೊಡನೆ ಮಾತನಾಡಿಯೇ ಈ ಕಾಯಿಲೆಯನ್ನು ನಿರ್ಣಯಿಸುತ್ತಾರೆ. ಗಡ್ಡೆಯಂಥ ಬೇರೆ ಕಾರಣದ ಸಂಶಯವಿದ್ದರೆ ಸ್ಕ್ಯಾನ್ ಬರೆದುಕೊಡುತ್ತಾರೆ. ಅವರು ಹೇಳಿದರೆ ತಪ್ಪದೆ ಮಾಡಿಸಿರಿ. ಆದರೆ ಸ್ಕ್ಯಾನ್ "ನಾರ್ಮಲ್" ಬಂದಿತೆಂದು ಚಿಕಿತ್ಸೆ ಬಿಡಬೇಡಿರಿ. ತಡವಾದಷ್ಟೂ ಚೇತರಿಕೆ ಕಷ್ಟ.

ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ. ಕನ್ನಡ, ಮರಾಠಿ ಎರಡರಲ್ಲೂ ಮಾತನಾಡಬಹುದು. ಸಂಕೋಚ ಬೇಡ, ಇದೂ ಬಿ.ಪಿ., ಶುಗರಿನಂತೆ ಒಂದು ಕಾಯಿಲೆಯೇ.

– ಕಾರ್ಯದರ್ಶಿ