ತಿಳಿನೀರಿನಲ್ಲಿ ಕಾಣದ ನಂಜು

ಹೊಸ ಗಾಜಿನ ತೊಟ್ಟಿಯಲ್ಲಿ ಮರಳು ಹರಡಿ, ನೀರುಗಿಡಗಳನ್ನು ನೆಟ್ಟು, ನೀರು ತುಂಬಿ, ಅಂದೇ ಹತ್ತಾರು ಮೀನುಗಳನ್ನು ಬಿಡುವವರುಂಟು. ಕೆಲವು ದಿನಗಳಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗುತ್ತವೆ. ಬಳಿಕ ಒಂದೊಂದಾಗಿ ಸಾಯುತ್ತವೆ. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿಯೇ ಇರುತ್ತದೆ. ಹಾಗಾದರೆ ಮೀನುಗಳನ್ನು ಕೊಂದುದು ಯಾವುದು?

ಮೀನು ತನ್ನ ದೇಹದ ತ್ಯಾಜ್ಯ ಸಾರಜನಕದ ಬಹುಭಾಗವನ್ನು ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತ ಎಲೆಗಳೂ ಅದನ್ನೇ ಹೆಚ್ಚಿಸುತ್ತವೆ. ನೀರಿನಲ್ಲಿ ಅಮೋನಿಯವು ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಅಯಾನು ಅಷ್ಟು ಕೆಡುಕಿನದಲ್ಲ. ಸ್ವತಂತ್ರ ಅಮೋನಿಯವಾದರೋ ಕಡುವಿಷ. ಇವುಗಳ ಪ್ರಮಾಣವನ್ನು ಮುಖ್ಯವಾಗಿ ನೀರಿನ ಪಿಹೆಚ್ ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಹೆಚ್ 7 ಇದ್ದಾಗ ವಿಷರೂಪದ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಪಿಹೆಚ್ 8 ಆದಾಗ ನೂರಕ್ಕೆ ಸುಮಾರು 5. ಹಗಲಿನಲ್ಲಿ ಗಿಡಗಳು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ಪಿಹೆಚ್ ಏರುತ್ತದೆ. ಆದುದರಿಂದ ಬೆಳಗ್ಗೆ ನಿರಪಾಯವಾಗಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಅಪಾಯಕರವಾಗಬಹುದು.

ಈ ನಂಜನ್ನು ನೀಗುವ ಏರ್ಪಾಡು ನಿಸರ್ಗದಲ್ಲಿಯೇ ಉಂಟು. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿಯೂ ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇವುಗಳನ್ನು ಬೇರ್ಪಡಿಸಿ ತೋರಿಸಿದನು. ಎರಡು ಕೆಲಸಗಳನ್ನೂ ಒಂದೇ ಜೀವಿ ಮಾಡಬಲ್ಲುದೆಂಬ ಸಂಗತಿ 2015ರಲ್ಲಿ ತಿಳಿದುಬಂದಿತು. ನಡುವೆ ಹುಟ್ಟುವ ನೈಟ್ರೈಟೂ ವಿಷವೇ. ಅದು ಮೀನಿನ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ನೈಟ್ರೇಟು ಮಾತ್ರ ಹೆಚ್ಚು ಸೌಮ್ಯವಾದುದು. ಈ ಜೀವಿಗಳು ಮರಳಿನಲ್ಲಿಯೂ ಸೋಸುಯಂತ್ರದಲ್ಲಿಯೂ ನೆಲೆಸಿ ಸಾಕಷ್ಟು ವೃದ್ಧಿಯಾಗಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಹೊಸ ತೊಟ್ಟಿಯ ಅಪಾಯವೆಲ್ಲ ಈ ಅವಧಿಯಲ್ಲಿಯೇ ಅಡಗಿದೆ.

ಗಿಡಗಳು ಅಮೋನಿಯವನ್ನು ನೇರವಾಗಿ ಹೀರಿಕೊಂಡು ನಮಗೆ ನೆರವಾಗುತ್ತವೆ. ಆದರೆ ಬೆಳೆಯುವ ಗಿಡ ಮಿತ್ರ, ಕೊಳೆಯುವ ಗಿಡ ಶತ್ರು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯವೆಂಬ ನೀರುಗಿಡವನ್ನೂ ಒಟ್ಟಿಗೆ ಇರಿಸಿದಾಗ, ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಆ ಎಲೆಗಳನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟ ಮೇಲೆಯೇ ತೊಟ್ಟಿ ಸಮತೋಲಕ್ಕೆ ಬಂದಿತು. ಈ ಪ್ರಯೋಗವನ್ನು ಆತನು 1850ರಲ್ಲಿ ಪ್ರಕಟಿಸಿದನು.

ಹಾಗಾದರೆ ನಾವು ಮಾಡಬೇಕಾದುದೇನು? ನಲ್ಲಿನೀರಿನ ಕ್ಲೋರಿನ್ ಮೀನಿಗೂ ಸೂಕ್ಷ್ಮಜೀವಿಗಳಿಗೂ ಮಾರಕವಾದುದರಿಂದ, ಅದನ್ನು ಮೊದಲು ನಿವಾರಿಸಬೇಕು. ಬೇಗ ಬೆಳೆಯುವ ಗಿಡಗಳನ್ನು ಒತ್ತಾಗಿ ನೆಡಬೇಕು. ಮೀನು ಬಿಡುವ ಮೊದಲೇ ಚಿಟಿಕೆ ಮೀನಿನ ಆಹಾರವನ್ನು ದಿನವೂ ಹಾಕುತ್ತಿದ್ದರೆ, ಅದು ಕೊಳೆತು ಹುಟ್ಟುವ ಅಮೋನಿಯವೇ ಸೂಕ್ಷ್ಮಜೀವಿಗಳಿಗೆ ಉಣಿಸಾಗುತ್ತದೆ. ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾದ್ರವಗಳಿಂದ ಎರಡು ದಿನಗಳಿಗೊಮ್ಮೆ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ನಕ್ಷೆಯ ಕಾಗದದ ಮೇಲೆ ಗುರುತಿಸೋಣ. ಅಮೋನಿಯದ ರೇಖೆ ಏರಿ ಇಳಿಯುವುದು. ಅದರ ಹಿಂದೆಯೇ ನೈಟ್ರೈಟಿನ ರೇಖೆ ಏರಿ ಇಳಿಯುವುದು. ಎರಡೂ ಸೊನ್ನೆಗಿಳಿದು ಅಲ್ಲಿಯೇ ನಿಂತಾಗ, ಕಾಲುಭಾಗ ನೀರನ್ನು ಬದಲಿಸಿ, ಎರಡು ಮೂರು ಮೀನುಗಳನ್ನು ಮಾತ್ರ ಬಿಡಬೇಕು. ಉಳಿದವುಗಳಿಗೆ ಇನ್ನೂ ಕೆಲವು ವಾರ ಕಾಯುವುದು ಲೇಸು.