ಸಹಕಾರ ಸಂಘದ ಲೆಕ್ಕವೂ ಗಣಕಯಂತ್ರವೂ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಒಕ್ಕಲುತನವು ಬಹುಮಟ್ಟಿಗೆ ತೊಗರಿ, ಜೋಳ, ಕಬ್ಬುಗಳನ್ನು ನಂಬಿಕೊಂಡಿರುವುದು. ಮುಂಗಾರಿನಲ್ಲಿ ಬೀಜ ಗೊಬ್ಬರಗಳಿಗಾಗಿ ಸಂಘದಿಂದ ಸಾಲವನ್ನೆತ್ತಿ, ರಾಶಿಯಾದ ಮೇಲೆ ತೀರಿಸುವುದು ರೈತರ ವಾಡಿಕೆ. ತೀರಿಸಿದ ಹಣವು ಅವರವರ ಹೆಸರಿಗೆ ಸರಿಯಾಗಿ ಜಮೆಯಾಗದಿದ್ದರೆ ಕಟ್ಟಿದ ಸಾಲವೂ ಬಾಕಿಯೆಂದೇ ಉಳಿಯುವುದು. ಗಡುವಿನೊಳಗೆ ಕಟ್ಟಿದವರಿಗೆ ಸಲ್ಲತಕ್ಕ ಬಡ್ಡಿಯ ರಿಯಾಯಿತಿಯು ತಪ್ಪುವುದು. ಮುಂದಿನ ಹಂಗಾಮಿನ ಸಾಲಕ್ಕೂ ಅಡ್ಡಿ ಬರುವುದು. ಆದುದರಿಂದ ಸಂಘದ ಲೆಕ್ಕವು ಕೇವಲ ಗುಮಾಸ್ತೆಯ ಕೆಲಸವೆಂದು ಜಮೀನುದಾರರು ಉದಾಸೀನರಾಗಿರಲಾಗದು.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದ ಕಾಲದಿಂದ ಬಹುದಿನಗಳವರೆಗೆ ಸಂಘಗಳ ಲೆಕ್ಕವೆಲ್ಲವೂ ಕೈಬರಹದಲ್ಲಿಯೇ ನಡೆದು ಬಂದಿತು. ಒಂದೇ ರಕಮನ್ನು ಮೊದಲು ರಸೀತಿಯಲ್ಲಿ, ಬಳಿಕ ಕಿರ್ದಿಯಲ್ಲಿ, ಅಲ್ಲಿಂದ ಖತಾವಣಿಯಲ್ಲಿ ಬರೆದು, ಕಡೆಗೆ ತಾಳೆಪಟ್ಟಿಯನ್ನು ಕಟ್ಟಬೇಕಾಗುತ್ತಿತ್ತು. ಪ್ರತಿಯೊಂದು ಸಲದ ಬರವಣಿಗೆಯಲ್ಲಿಯೂ ಅಂಕಿ ತಪ್ಪುವ ಸಂಭವವಿದ್ದಿತು. ಈ ತೊಡಕನ್ನು ನೀಗಿಸಲು ಕೇಂದ್ರ ಮಂತ್ರಿಮಂಡಲವು 2022ನೆಯ ಜೂನ್ 29ರಂದು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಗಣಕಯಂತ್ರಗಳನ್ನು ಒದಗಿಸುವ, 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು.

ಈ ಕ್ರಮದ ಮರ್ಮವಿಷ್ಟೆ: ರಕಮನ್ನು ಒಂದೇ ಸಲ ನಮೂದಿಸತಕ್ಕದ್ದು, ಮಿಕ್ಕ ಪುಸ್ತಕಗಳಿಗೆ ಯಂತ್ರವೇ ಅದನ್ನು ಒಯ್ಯುವುದು. ಸದಸ್ಯನೊಬ್ಬನು ಅಸಲಿನ ಬಾಬ್ತು 40,000 ರೂಪಾಯಿ ಕಟ್ಟಿದನೆಂದು ಭಾವಿಸೋಣ. ಗುಮಾಸ್ತೆಯು ಸದಸ್ಯನ ಸಂಖ್ಯೆಯನ್ನೂ ಮೊತ್ತವನ್ನೂ ನಮೂದಿಸಿದೊಡನೆ ರಸೀತಿಯು ಅಚ್ಚಾಗುವುದು. ನಗದು ಶಿಲ್ಕು 40,000 ಹೆಚ್ಚುವುದು. ಆ ಸದಸ್ಯನ ಸಾಲವು ಅಷ್ಟೇ ಇಳಿಯುವುದು. ಜಮೆ ಖರ್ಚುಗಳೆರಡೂ ಸಮನಾಗದ ನಮೂದನ್ನು ಯಂತ್ರವು ಅಂಗೀಕರಿಸದು. ತಾಳೆಪಟ್ಟಿಯೂ ಅಢಾವೆ ಪತ್ರಿಕೆಯೂ ಕೇಳಿದ ಕ್ಷಣದಲ್ಲಿ ಸಿದ್ಧವಾಗುವುವು.

ಹಾಗಾದರೆ ತಪ್ಪಿಗೆ ಎಡೆಯೇ ಇಲ್ಲವೇ? ಉಂಟು. ಬಸಪ್ಪನು ಕಟ್ಟಿದ ಹಣವನ್ನು ಶರಣಪ್ಪನ ಖಾತೆಗೆ ಜಮೆ ಮಾಡಿದರೂ ಒಟ್ಟು ಮೊತ್ತವು ತಾಳೆಯಾಗುವುದು. ಹಣವನ್ನು ಪಡೆದು ನಮೂದನ್ನೇ ಮಾಡದಿದ್ದರೆ ಅದು ಯಂತ್ರಕ್ಕೆ ತಿಳಿಯುವ ಬಗೆಯೇ ಇಲ್ಲ. ಬಿತ್ತದ ಬೀಜವನ್ನು ಹೊಲವು ಬೆಳೆಯಬಲ್ಲುದೇ? ಇವೆರಡು ದೋಷಗಳನ್ನು ಹಿಡಿಯತಕ್ಕವನು ಹಣ ಕಟ್ಟಿದ ಸದಸ್ಯನೇ.

ಆದಕಾರಣ ಗ್ರಾಮದ ಹಿರಿಯರು ಈ ಕೆಳಗಿನ ನಿಯಮಗಳನ್ನು ರೂಢಿಗೆ ತರುವುದು ಯುಕ್ತ:

1. ಹಣ ಕೊಟ್ಟ ಸ್ಥಳದಲ್ಲಿಯೇ ಅಚ್ಚಾದ ರಸೀತಿಯನ್ನು ಪಡೆದು, ಹೆಸರು, ಸದಸ್ಯ ಸಂಖ್ಯೆ, ತಾರೀಖು, ಮೊತ್ತ ಇವನ್ನು ಓದಿಸಿ ನೋಡತಕ್ಕದ್ದು. ಬಿಳಿಯ ಚೀಟಿಯ ಮೇಲಿನ ಬರಹವನ್ನು ರಸೀತಿಯೆಂದು ಒಪ್ಪಬಾರದು.

2. ಅಸಲೆಷ್ಟು, ಬಡ್ಡಿಯೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಕೇಳಿ ತಿಳಿಯತಕ್ಕದ್ದು.

3. ಸಾಲವು ಪೂರ್ತಿ ತೀರಿದ ಬಳಿಕ ಬಾಕಿಯಿಲ್ಲವೆಂಬ ಪತ್ರವನ್ನು ಪಡೆದು, ಪಹಣಿಯ ಋಣಗಳ ಕಲಮಿನಲ್ಲಿ ಆ ಸಾಲವು ನಮೂದಾಗಿದ್ದರೆ ಅದನ್ನು ತೆಗೆಸತಕ್ಕದ್ದು.

4. ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು ಎಲ್ಲರಿಗೂ ಕೇಳಿಸುವಂತೆ ಓದಿಸಿ, ಸಾಲ ಪಡೆದವರು ತಮ್ಮ ತಮ್ಮ ಬಾಕಿಯನ್ನು ರಸೀತಿಗಳೊಡನೆ ಹೋಲಿಸಿ ನೋಡತಕ್ಕದ್ದು.

ರಾಶಿಯ ದಿನ ತೂಕದ ಮುಳ್ಳನ್ನು ನೋಡದೆ ತೊಗರಿಯನ್ನು ಅಳೆದುಕೊಡುವ ಒಕ್ಕಲಿಗನಿಲ್ಲ. ಹಣ ಕಟ್ಟುವ ದಿನವೂ ಅಷ್ಟೇ ಎಚ್ಚರವನ್ನು ತೋರಿದರೆ ಯಂತ್ರದ ಲೆಕ್ಕವು ಸದಸ್ಯನಿಗೂ ಸಂಘಕ್ಕೂ ಭದ್ರವಾದ ಕಾವಲಾಗುವುದು.