ಇರುವುದೋ, ಹೊರಡುವುದೋ?

ಮಹಾಭಾರತದ ಖಾಂಡವದಹನದಲ್ಲಿ ಜರಿತೆ ಎಂಬ ತಾಯಿಹಕ್ಕಿಯ ಕಥೆ ಬರುತ್ತದೆ. ಕಾಡಿಗೆ ಬೆಂಕಿ ಬಿದ್ದಿದೆ. ಗೂಡಿನಲ್ಲಿ ರೆಕ್ಕೆ ಬಲಿಯದ ನಾಲ್ಕು ಮರಿಗಳಿವೆ. ನಾಲ್ಕನ್ನೂ ಹೊತ್ತು ಹಾರುವ ಶಕ್ತಿ ಅವಳಿಗಿಲ್ಲ. ಇಲಿಯ ಬಿಲದಲ್ಲಿ ಅಡಗಿಕೊಳ್ಳಿ, ಮೇಲೆ ಮಣ್ಣು ಮುಚ್ಚುತ್ತೇನೆ ಎನ್ನುತ್ತಾಳೆ. ಬಿಲದಲ್ಲಿ ಇಲಿ ತಿಂದೀತೆಂದು ಮರಿಗಳು ಒಪ್ಪುವುದಿಲ್ಲ. ನೀನಾದರೂ ಬದುಕಿಕೊ ಎಂದು ಅವಳನ್ನು ಕಳಿಸಿಬಿಡುತ್ತವೆ. ಕೊನೆಗೆ ಅಗ್ನಿಯೇ ಕರುಣೆ ತೋರುವುದರಿಂದ ಮರಿಗಳು ಉಳಿಯುತ್ತವೆ.

ಅಡಗುವುದೋ, ಓಡುವುದೋ ಎಂಬ ಈ ಪ್ರಶ್ನೆ ಪುರಾಣದೊಂದಿಗೆ ಮುಗಿಯಲಿಲ್ಲ. ಎಂಟು ದಶಕಗಳಿಗೂ ಮೀರಿ ಇದನ್ನೇ ಕೇಳಿಕೊಳ್ಳುತ್ತಾ ಬಂದಿರುವ ನಾಡೊಂದಿದೆ. ಅದು ಆಸ್ಟ್ರೇಲಿಯದ ಆಗ್ನೇಯ ಮೂಲೆಯ ವಿಕ್ಟೋರಿಯ ರಾಜ್ಯ. ಮೆಲ್ಬರ್ನ್ ಅದರ ರಾಜಧಾನಿ.

ಅಲ್ಲಿನ ಕಾಡು ನಮಗೆ ತೀರಾ ಅಪರಿಚಿತವಲ್ಲ. ನಾವು ನೀಲಗಿರಿ ಎಂದು ಕರೆಯುವ ಮರದ ತವರು ಆಸ್ಟ್ರೇಲಿಯ. ನೆಗಡಿಗೆ ನಾವು ಮೂಸುವ ಎಣ್ಣೆ ಆ ಮರದ ಎಲೆಯಲ್ಲಿದೆ. ಬೆಂಕಿಗೆ ಅದು ತುಪ್ಪವಿದ್ದಂತೆ. ಕೆಲವು ಜಾತಿಗಳ ತೊಗಟೆ ಉದ್ದುದ್ದ ಪಟ್ಟಿಗಳಾಗಿ ಸುಲಿದು ನೇತಾಡುತ್ತದೆ. ಹೊತ್ತಿಕೊಂಡ ಪಟ್ಟಿ ಗಾಳಿಗೆ ಹಾರಿ ಕಿಲೋಮೀಟರುಗಳಾಚೆ ಬಿದ್ದು ಹೊಸ ಬೆಂಕಿ ಹಚ್ಚುತ್ತದೆ. ದಕ್ಷಿಣಾರ್ಧಗೋಳವಾದ್ದರಿಂದ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಅಲ್ಲಿ ಬೇಸಿಗೆ. ಆಗ ಒಳನಾಡಿನ ಒಣನೆಲದ ಮೇಲಿಂದ ಬಿಸಿಯಾದ ಉತ್ತರದ ಗಾಳಿ ಬೀಸುತ್ತದೆ. ಸಂಜೆಯ ಹೊತ್ತಿಗೆ ಅದು ಥಟ್ಟನೆ ನೈಋತ್ಯಕ್ಕೆ ತಿರುಗುವುದುಂಟು. ತಂಪು ಬಂತೆಂದು ಜನ ನಿಟ್ಟುಸಿರು ಬಿಡುವ ಆ ಕ್ಷಣವೇ ಅತ್ಯಂತ ಅಪಾಯದ್ದು. ಅಲ್ಲಿಯವರೆಗೆ ಬೆಂಕಿಯ ಪಕ್ಕೆಯಾಗಿದ್ದ ಉದ್ದನೆಯ ಸಾಲು ಒಮ್ಮೆಗೇ ಅದರ ಮುಖವಾಗಿ ಮುನ್ನುಗ್ಗುತ್ತದೆ. ಇಳಿಜಾರಿನ ಲೆಕ್ಕವೂ ಇದೆ. ಏರು ಪ್ರತಿ ಹತ್ತು ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಗುಡ್ಡದ ನೆತ್ತಿಯ ಮೇಲಿನ ಸುಂದರ ಮನೆಗೆ ಅದೇ ಶಾಪ.

1939ರ ಜನವರಿ 13ರ ಶುಕ್ರವಾರ ವಿಕ್ಟೋರಿಯದಲ್ಲಿ ಎದ್ದ ಬೆಂಕಿಯಲ್ಲಿ 71 ಜನ ಸತ್ತರು. ವಿಚಾರಣೆ ನಡೆಸಿದ ನ್ಯಾಯಾಧೀಶ ಲಿಯೊನಾರ್ಡ್ ಸ್ಟ್ರೆಟನ್, ಬೆಂಕಿಗೆ ಮನುಷ್ಯರ ಕೈಯೇ ಕಾರಣವೆಂದು ನಿಷ್ಠುರವಾಗಿ ಬರೆದರು. ಮುಂದೆ 1945ರಲ್ಲಿ ಹಳ್ಳಿಗಾಡಿನ ಸ್ವಯಂಸೇವಕರನ್ನೇ ನೆಚ್ಚಿಕೊಂಡ ಅಗ್ನಿಶಾಮಕ ಪ್ರಾಧಿಕಾರ ಕೆಲಸ ಆರಂಭಿಸಿತು. 1983ರ ಫೆಬ್ರುವರಿ 16ರಂದು ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯದಲ್ಲಿ ಮತ್ತೆ 75 ಜನ ಬಲಿಯಾದರು.

ಇಂಥ ದುರಂತಗಳನ್ನು ಅಧ್ಯಯನ ಮಾಡಿದವರಿಗೆ ಎರಡು ಸಂಗತಿ ಹೊಳೆದವು. ಒಂದು, ಮನೆಗಳನ್ನು ಸುಡುವುದು ಬಹುಪಾಲು ಜ್ವಾಲೆಯ ಗೋಡೆಯಲ್ಲ, ಹಾರಿಬರುವ ಕಿಡಿ. ಸೂರಿನ ದೋಣಿಯಲ್ಲಿ ತುಂಬಿದ ತರಗೆಲೆಯಲ್ಲೋ ಹೆಂಚಿನ ಸಂದಿಯಲ್ಲೋ ಕೂತ ಕಿಡಿಯನ್ನು ಒಂದು ಬಕೆಟ್ ನೀರಿನಿಂದ ಆರಿಸಬಹುದು. ಎರಡು, ಕೊನೆಯ ಗಳಿಗೆಯಲ್ಲಿ ಓಡಿಹೋದವರು ಹೊಗೆಯಲ್ಲಿ ದಾರಿ ಕಾಣದೆ, ಮರ ಬಿದ್ದು ರಸ್ತೆ ಮುಚ್ಚಿ, ಕಾರಿನಲ್ಲೋ ಬಯಲಿನಲ್ಲೋ ಸಾಯುತ್ತಾರೆ. ಜ್ವಾಲೆ ಮುಟ್ಟುವ ಮೊದಲೇ ಅದರ ಝಳ ಕೊಲ್ಲುತ್ತದೆ. ಇದರಿಂದ ಹುಟ್ಟಿದ ನೀತಿ ಸರಳವಾಗಿತ್ತು: ಸಿದ್ಧರಾಗಿ ಮನೆಯಲ್ಲೇ ನಿಂತು ಕಾಪಾಡಿಕೊಳ್ಳಿ, ಇಲ್ಲವೇ ಬೇಗ ಹೊರಟುಬಿಡಿ. ಸಾಮಾನ್ಯ ಜನರ ವಿವೇಕವನ್ನು ನಂಬಿದ ನೀತಿ ಅದು.

2009ರ ಫೆಬ್ರುವರಿ 7ರ ಶನಿವಾರ ಆ ನಂಬಿಕೆಗೆ ಪೆಟ್ಟು ಬಿತ್ತು. ಅಂದು ಮೆಲ್ಬರ್ನ್‌ನಲ್ಲಿ ತಾಪಮಾನ 46.4 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಕಿಲ್ಮೋರ್ ಈಸ್ಟ್ ಎಂಬಲ್ಲಿ ವಿದ್ಯುತ್ ತಂತಿ ಕಡಿದು ಹತ್ತಿದ ಬೆಂಕಿಯೊಂದೇ 119 ಜನರನ್ನು ಕೊಂದಿತು. ಕಿಂಗ್ಲೇಕ್, ಮೇರಿಸ್‌ವಿಲ್‌ನಂಥ ಊರುಗಳು ಬೂದಿಯಾದವು. ಒಟ್ಟು 173 ಸಾವು. ಎರಡು ಸಾವಿರಕ್ಕೂ ಹೆಚ್ಚು ಮನೆಗಳು ನಾಶ. ಹಳೆಯ ಪಾಠದ ಪ್ರಕಾರ ಸಾವು ರಸ್ತೆಯಲ್ಲಿ ಸಂಭವಿಸಬೇಕಿತ್ತು. ಆದರೆ ಸತ್ತವರಲ್ಲಿ 110ಕ್ಕೂ ಹೆಚ್ಚು ಜನ ಮನೆಗಳ ಒಳಗೇ ಇದ್ದರು. ನೀರಿರುತ್ತದೆಂದು ಬಚ್ಚಲುಮನೆ ಹೊಕ್ಕ ಕೆಲವರಿಗೆ ಹೊರಬರುವ ದಾರಿ ಇರಲಿಲ್ಲ. ಕೆಲವು ಊರುಗಳಿಗೆ ಎಚ್ಚರಿಕೆ ತಲುಪುವ ಮೊದಲೇ ಬೆಂಕಿ ತಲುಪಿತ್ತು.

ಮನೆಯಲ್ಲಿ ನಿಂತವರೆಲ್ಲ ತಪ್ಪು ಮಾಡಿದರೆ? ಹಾಗೆನ್ನಲಾಗದು. ಚೆನ್ನಾಗಿ ಸಿದ್ಧರಾಗಿದ್ದ ಹಲವರು ಮನೆಯನ್ನೂ ಜೀವವನ್ನೂ ಉಳಿಸಿಕೊಂಡರು. ಆದರೆ ಅನೇಕರು ನಿಲ್ಲಲೂ ಸಿದ್ಧರಾಗಿರಲಿಲ್ಲ, ಹೊರಡಲೂ ನಿರ್ಧರಿಸಿರಲಿಲ್ಲ. ಏನಾಗುತ್ತದೋ ನೋಡೋಣ ಎಂದು ಕಾದರು. ಕಾಯುವುದೇ ಮೂರನೆಯ ದಾರಿ ಎಂದು ಯಾವ ಕರಪತ್ರವೂ ಹೇಳಿರಲಿಲ್ಲ. ಮನುಷ್ಯ ಸ್ವಭಾವ ಹೇಳಿತ್ತು.

ವಿಚಾರಣಾ ಆಯೋಗ 2010ರ ಜುಲೈನಲ್ಲಿ 67 ಶಿಫಾರಸುಗಳ ವರದಿ ಕೊಟ್ಟಿತು. ಬೇಗ ಹೊರಡುವುದೇ ಅತ್ಯಂತ ಸುರಕ್ಷಿತ ಎಂಬ ಮಾತಿಗೆ ಈಗ ಮೊದಲ ಸ್ಥಾನ. ಕೆಲವು ದಿನಗಳಲ್ಲಿ ಯಾವ ಮನೆಯನ್ನೂ ಕಾಪಾಡಲಾಗದು ಎಂದು ನೇರವಾಗಿ ಹೇಳಲಾಗುತ್ತದೆ. ಬೆಂಕಿಯ ಅಪಾಯವನ್ನು ಮುನ್ಸೂಚಿಸುವ ಮಾಪನಕ್ಕೆ ಎಲ್ಲಕ್ಕಿಂತ ಮೇಲೆ 'ಮಹಾವಿನಾಶ'ದ ದರ್ಜೆ ಸೇರಿತು. 2022ರ ಸೆಪ್ಟೆಂಬರಿನಿಂದ ಆಸ್ಟ್ರೇಲಿಯದಾದ್ಯಂತ ನಾಲ್ಕು ದರ್ಜೆಗಳ ಒಂದೇ ಮಾಪನವಿದೆ. ಅತಿ ಮೇಲಿನ ದರ್ಜೆ ಘೋಷಣೆಯಾದರೆ ಹಿಂದಿನ ರಾತ್ರಿಯೇ, ತಪ್ಪಿದರೆ ಬೆಳಗಾಗುತ್ತಲೇ ಹೊರಡಬೇಕು. ಆಗ ಎಲ್ಲೂ ಹೊಗೆ ಕಾಣದಿರಬಹುದು. ಬೇರೆ ದಾರಿಯೇ ಉಳಿಯದವರಿಗಾಗಿ ಆಟದ ಮೈದಾನದಂಥ ಬಯಲುಗಳನ್ನು ಕೊನೆಯ ಆಸರೆಯೆಂದು ಗುರುತಿಸಲಾಗಿದೆ. 2019ರ ಡಿಸೆಂಬರ್ 31ರಂದು ಮಲ್ಲಕೂಟ ಎಂಬ ಕಡಲತೀರದ ಊರಿನಲ್ಲಿ ರಸ್ತೆಗಳು ಮುಚ್ಚಿಹೋದಾಗ ಸಾವಿರಾರು ಜನಕ್ಕೆ ಸಮುದ್ರದಂಡೆಯೇ ಆಸರೆಯಾಯಿತು. ಕೆಲವು ದಿನಗಳ ಬಳಿಕ ನೌಕಾಪಡೆಯ ಹಡಗು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಕರೆದೊಯ್ದಿತು.

ಹಾಗಾದರೆ ಸಿದ್ಧತೆ ಎಂದರೇನು? ಬೇಸಿಗೆಗೆ ಮುಂಚೆ ಸೂರಿನ ದೋಣಿಯ ಎಲೆ ತೆಗೆಯುವುದು, ಹುಲ್ಲು ಸವರುವುದು, ಗೋಡೆಗೆ ಒರಗಿಸಿದ ಸೌದೆ ದೂರ ಸಾಗಿಸುವುದು, ಗವಾಕ್ಷಿಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕುವುದು. ಒಂದು ಚೀಲದಲ್ಲಿ ಮನೆಪತ್ರ, ಔಷಧಿ, ಕನ್ನಡಕ, ನೀರು, ಬ್ಯಾಟರಿ ರೇಡಿಯೋ, ಮತ್ತೆ ಸಿಗದ ಭಾವಚಿತ್ರಗಳು. ನೈಲಾನ್ ಬಟ್ಟೆ ಕರಗಿ ಮೈಗೆ ಅಂಟುವುದರಿಂದ ದಪ್ಪ ಹತ್ತಿಯ ಉಡುಪು, ಉಣ್ಣೆಯ ಕಂಬಳಿ. ಇವಿಷ್ಟು ಸುಲಭ. ಕಷ್ಟವಾದದ್ದು ಮಾತು. ಮನೆಮಂದಿಯೆಲ್ಲ ಕುಳಿತು ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿಡಬೇಕು. ಯಾವ ಸೂಚನೆ ಬಂದರೆ ಹೊರಡುವುದು? ಯಾರ ಮನೆಗೆ? ಆ ರಸ್ತೆ ಮುಚ್ಚಿದ್ದರೆ ಯಾವ ದಾರಿ? ನಡೆಯಲಾಗದ ಅಜ್ಜಿಯನ್ನು, ನಾಯಿಯನ್ನು, ಕುದುರೆಯನ್ನು ಒಯ್ಯುವವರು ಯಾರು? ಗಂಡ ಉಳಿಯುತ್ತೇನೆ, ಹೆಂಡತಿ ಹೋಗುತ್ತೇನೆ ಎಂದರೆ ಏನು ಮಾಡುವುದು? ಈ ಕೊನೆಯ ಜಗಳ ಹೊಗೆಯ ನಡುವೆ ನಡೆದು ಜೀವ ತೆಗೆದ ಉದಾಹರಣೆಗಳಿವೆ.

ಇನ್ನೊಂದು ತೊಡಕಿದೆ. ಹತ್ತು ಸಲ ಮನೆ ಬೀಗ ಹಾಕಿ ಹೋದವರು ಹತ್ತು ಸಲವೂ ಬೆಂಕಿ ಬಾರದ ಮನೆಗೆ ಮರಳುತ್ತಾರೆ. ಕೆಲಸ ಕೆಟ್ಟಿರುತ್ತದೆ, ನೆರೆಯವರು ನಕ್ಕಿರುತ್ತಾರೆ. ಹನ್ನೊಂದನೆಯ ಸಲ ಹೊರಡಲು ಮನಸ್ಸು ಬರುವುದಿಲ್ಲ. ವ್ಯರ್ಥವಾದ ಆ ಹತ್ತು ಪ್ರಯಾಣಗಳನ್ನು ಸೋಲೆಂದು ಎಣಿಸದಿರುವುದೇ ಬೆಂಕಿಯ ನೆರೆಯಲ್ಲಿ ಬಾಳುವವರು ಕಲಿಯಬೇಕಾದ ಅತ್ಯಂತ ಕಠಿಣ ಪಾಠ.

ಜರಿತೆ ಮತ್ತು ಮರಿಗಳು ಚರ್ಚೆಗೆ ಕುಳಿತದ್ದು ಬೆಂಕಿ ಬಳಿ ಬಂದ ಮೇಲೆ. ಅವರ ಮೊರೆಗೆ ಅಗ್ನಿ ಕಿವಿಗೊಟ್ಟ. ವಿಕ್ಟೋರಿಯದ ಬೆಂಕಿಗೆ ಕಿವಿಯಿಲ್ಲ. ಆದ್ದರಿಂದ ಆ ಮಾತು ಆಕಾಶ ಶುಭ್ರವಾಗಿರುವ ದಿನ, ಊಟದ ಮೇಜಿನ ಸುತ್ತ ನಡೆಯಬೇಕು.